ನಿಮ್ಮ ಟಿವಿ ಹಿಂದಿರೋ ಎಚ್‌ಡಿಎಂಐ ಯಾವುದು? 1.4, 2.0, 2.1 ಗೊಂದಲ ಬಿಡಿಸಿಕೊಳ್ಳೋದು ಹೇಗೆ

ಹೋದ ದೀಪಾವಳಿಗೆ ನಮ್ಮ ಭಾವ 55 ಇಂಚಿನ ಹೊಸ 4ಕೆ ಟಿವಿ ತಂದರು. ಗೋಡೆಗೆ ಹಾಕಿದ್ದಾಯಿತು, ಕುಂಕುಮ ಇಟ್ಟಿದ್ದೂ ಆಯಿತು. ಆಮೇಲೆ ಹಳೇ ಲ್ಯಾಪ್‌ಟಾಪ್ ಜೋಡಿಸಿ ಮದುವೆ ಫೋಟೋ ತೋರಿಸ್ತೀನಿ ಅಂತ ಎಲ್ಲರನ್ನೂ ಕೂರಿಸಿದರು. ಚಿತ್ರವೇನೋ ಚೆನ್ನಾಗೇ ಬಂತು. ಆದರೆ ಮೌಸ್ ಅಲ್ಲಾಡಿಸಿದರೆ ಪರದೆ ಮೇಲಿನ ಬಾಣ ಕೆಸರುಗದ್ದೆಯಲ್ಲಿ ನಡೆದ ಹಾಗೆ ತಡೆತಡೆದು ಹೋಗುತ್ತಿತ್ತು. "ಟಿವಿನೇ ಸರಿ ಇಲ್ಲ ಕಣೋ, ನಾಳೆನೇ ವಾಪಸ್ ಕೊಡ್ತೀನಿ" ಅಂದರು. ನಾನು ಲ್ಯಾಪ್‌ಟಾಪ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ನೋಡಿದೆ. ರಿಫ್ರೆಶ್ ರೇಟ್ 30 ಹರ್ಟ್ಜ್ ಅಂತ ಇತ್ತು. ಅಂದ್ರೆ ಟಿವಿ ತಪ್ಪಲ್ಲ. ಆ ಲ್ಯಾಪ್‌ಟಾಪಿನ ಎಚ್‌ಡಿಎಂಐ ಪೋರ್ಟು (ಚಿತ್ರ, ಧ್ವನಿ ಎರಡನ್ನೂ ಒಂದೇ ಕೇಬಲಿನಲ್ಲಿ ಕಳಿಸೋ ಕಿಂಡಿ) 1.4 ವರ್ಷನ್ ಕಾಲದ್ದು, 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲಕ್ಕಿಂತ ಜಾಸ್ತಿ ಕಳಿಸೋಕೆ ಅದರ ಕೈಲಿ ಆಗಲ್ಲ. ರೆಸಲ್ಯೂಶನ್ 1080ಪಿಗೆ ಇಳಿಸಿದೆ, 60 ಹರ್ಟ್ಜ್ ಸಿಕ್ಕಿತು, ಬಾಣ ಸರಾಗವಾಗಿ ಓಡಿತು. ಟಿವಿ ವಾಪಸ್ ಹೋಗೋದು ತಪ್ಪಿತು.

ಆವತ್ತಿಂದ ಮನೆಯಲ್ಲಿ ಯಾರು ಟಿವಿ, ಕೇಬಲ್, ಸೌಂಡ್‌ಬಾರ್ ತಗೊಂಡರೂ ನನಗೇ ಫೋನು. ಎಲ್ಲರದ್ದೂ ಒಂದೇ ಪ್ರಶ್ನೆ: "2.1 ಇರೋದೇ ತಗೋಬೇಕಾ?" ಪ್ರತಿ ಸಲ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಒಂದು ಸಲ ಪೂರ್ತಿ ಬರೆದು ಬಿಡ್ತೀನಿ.

ಎಲ್ಲ ಗೊಂದಲಕ್ಕೂ ಕಾರಣ ಆ ತೂತಿನ ಆಕಾರ. 2002ರ ಡಿಸೆಂಬರಿನಲ್ಲಿ ಮೊದಲ ಎಚ್‌ಡಿಎಂಐ ಬಂತು. ಹಿಟಾಚಿ, ಪ್ಯಾನಸೋನಿಕ್, ಫಿಲಿಪ್ಸ್, ಸೋನಿ, ತೊಷಿಬಾ, ಥಾಮ್ಸನ್ ಮತ್ತು ಸಿಲಿಕಾನ್ ಇಮೇಜ್ ಸೇರಿ ಮಾಡಿದ್ದು ಅದು. ಆಗ ಇದ್ದದ್ದೂ 19 ಪಿನ್, ಈಗ ಇರೋದೂ 19 ಪಿನ್. ಇಪ್ಪತ್ತು ವರ್ಷದ ಹಿಂದಿನ ಕೇಬಲ್ ಇವತ್ತಿನ ಟಿವಿಗೆ ಸಲೀಸಾಗಿ ಕೂರುತ್ತದೆ. ಇದು ಒಳ್ಳೇದೇ, ಆದರೆ ಹೊರಗಿಂದ ನೋಡಿದರೆ ಯಾವ ಪೋರ್ಟ್ ಯಾವುದು ಅಂತ ದೇವರಾಣೆಗೂ ಗೊತ್ತಾಗಲ್ಲ. ಯುಎಸ್‌ಬಿಯಲ್ಲಿ ನೀಲಿ ಬಣ್ಣ ನೋಡಿ ಒಂದು ಅಂದಾಜು ಮಾಡಬಹುದು, ಇಲ್ಲಿ ಅದೂ ಇಲ್ಲ.

ಮೊದಲು ಸ್ವಲ್ಪ ಲೆಕ್ಕ

ಗಣಿತ ಅಂದ ಕೂಡಲೇ ಓಡಿಹೋಗಬೇಡಿ. ಈ ಒಂದು ಲೆಕ್ಕ ಅರ್ಥ ಆದರೆ ಮಿಕ್ಕಿದ್ದೆಲ್ಲ ತಾನಾಗೇ ಅರ್ಥ ಆಗುತ್ತದೆ.

4ಕೆ ಚಿತ್ರದಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆ. ಚಿತ್ರದ ಸುತ್ತ ನಮಗೆ ಕಾಣದ ಖಾಲಿ ಜಾಗವನ್ನೂ ಸೇರಿಸಿ ಕಳಿಸಬೇಕು, ಹಾಗಾಗಿ ತಂತಿ ಮೇಲೆ ನಿಜವಾಗಿ ಹೋಗೋದು 4400 ಇಂಟು 2250. ಸೆಕೆಂಡಿಗೆ 60 ಸಲ ಅಂದರೆ 59.4 ಕೋಟಿ ಚುಕ್ಕೆ. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿಗೆ ಎಂಟೆಂಟು ಬಿಟ್, ಒಟ್ಟು 24. ಹಳೇ ಪದ್ಧತಿಯಲ್ಲಿ ಪ್ರತಿ 8 ಬಿಟ್ಟನ್ನು 10 ಬಿಟ್ ಮಾಡಿ ಕಳಿಸುತ್ತಾರೆ, ಅಲ್ಲಿಗೆ 30 ಆಯಿತು. ಗುಣಿಸಿ ನೋಡಿ, 17.82 ಜಿಬಿಪಿಎಸ್ (ಅಂದರೆ ಸೆಕೆಂಡಿಗೆ ಇಷ್ಟು ನೂರು ಕೋಟಿ ಬಿಟ್). 2.0ರ ಗರಿಷ್ಠ ವೇಗ 18. ಅಂದರೆ 4ಕೆ 60ಕ್ಕೆ ಅಂತಾನೇ ಅಳತೆ ಕೊಟ್ಟು ಹೊಲಿಸಿದ ಅಂಗಿ ಅದು.

ಅದೇ 4ಕೆ ಚಿತ್ರ 30 ಸಲ ಅಂದರೆ 8.91 ಜಿಬಿಪಿಎಸ್ ಸಾಕು. 1.4ರ ಗರಿಷ್ಠ 10.2. ನಮ್ಮ ಭಾವನ ಲ್ಯಾಪ್‌ಟಾಪು 30ಕ್ಕೇ ನಿಂತದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ?

ಹಾಗಾದರೆ 10 ಬಿಟ್ ಎಚ್‌ಡಿಆರ್ ಹಾಕಿದರೆ? ಎಚ್‌ಡಿಆರ್ ಅಂದ್ರೆ ಬೆಳಕು ಕತ್ತಲೆಯ ವ್ಯತ್ಯಾಸವನ್ನ ಇನ್ನೂ ಚೆನ್ನಾಗಿ ತೋರಿಸೋ ಚಿತ್ರ, ಅದರಲ್ಲಿ ಒಂದೊಂದು ಬಣ್ಣಕ್ಕೂ 8ರ ಬದಲು 10 ಬಿಟ್. 4ಕೆ 60, 10 ಬಿಟ್, ಬಣ್ಣ ಪೂರ್ತಿ ಕಳಿಸಬೇಕು ಅಂದರೆ 22 ಜಿಬಿಪಿಎಸ್ ದಾಟುತ್ತದೆ, 18ರಲ್ಲಿ ಹಿಡಿಸಲ್ಲ. ಆಗ ಏನು ಮಾಡ್ತಾರೆ ಅಂದ್ರೆ, ಬೆಳಕು ಕತ್ತಲೆಯ ಮಾಹಿತಿ ಪೂರ್ತಿ ಕಳಿಸಿ ಬಣ್ಣದ ಮಾಹಿತಿಯಲ್ಲಿ ಕೈ ಬಿಗಿ ಹಿಡೀತಾರೆ. 4:2:2, 4:2:0 ಅಂತ ನೋಡಿರ್ತೀರಲ್ಲ, ಅದು ಇದೇ. ಸಿನಿಮಾ ನೋಡುವಾಗ ಇದು ಗೊತ್ತೇ ಆಗಲ್ಲ, ಸಿನಿಮಾ ಡಿಸ್ಕುಗಳೂ ಓಟಿಟಿಗಳೂ 4:2:0ರಲ್ಲೇ ಇರೋದು. ಆದರೆ ಟಿವಿಯನ್ನು ಕಂಪ್ಯೂಟರ್ ಮಾನಿಟರ್ ಥರ ಬಳಸಿದರೆ ಕಪ್ಪು ಹಿನ್ನೆಲೆ ಮೇಲಿನ ಕೆಂಪು ಅಕ್ಷರ ಮಸಿ ಹರಡಿದ ಹಾಗೆ ಕಾಣುತ್ತದೆ. ಎಕ್ಸೆಲ್ ಹಾಳೆ ತೆಗೆದು ನೋಡಿ, ಕಣ್ಣಿಗೆ ಹೊಡೆಯುತ್ತದೆ.

ಯಾವ ವರ್ಷನ್ನಿನಲ್ಲಿ ಏನು ಬಂತು

1.0ರಿಂದ 1.2ರ ತನಕ ತಲೆ ಕೆಡಿಸಿಕೊಳ್ಳಬೇಡಿ. 4.95 ಜಿಬಿಪಿಎಸ್, 1080ಪಿ 60 ತನಕ. 2006ರಲ್ಲಿ 1.3 ಬಂದಾಗ ವೇಗ 10.2ಕ್ಕೆ ಏರಿತು, ಡಾಲ್ಬಿ ಟ್ರೂಎಚ್‌ಡಿ ಥರದ ದೊಡ್ಡ ಆಡಿಯೋ ಹೋಗೋಕೆ ಶುರು ಆಯಿತು.

2009ರ 1.4 ಮುಖ್ಯವಾದದ್ದು. ವೇಗ ಅಷ್ಟೇ ಇದ್ದರೂ 4ಕೆ 30 ಬಂತು, ಟಿವಿಯಿಂದ ಸೌಂಡ್‌ಬಾರ್‌ಗೆ ವಾಪಸ್ ಆಡಿಯೋ ಕಳಿಸೋ ಆರ್ಕ್ ಬಂತು, 3ಡಿ ಬಂತು. ಕೇಬಲ್ ಒಳಗೇ ಇಂಟರ್ನೆಟ್ ಕಳಿಸೋ ವ್ಯವಸ್ಥೆಯನ್ನೂ ಸೇರಿಸಿದರು, ಅದನ್ನು ಬಳಸಿದವರನ್ನು ನಾನಂತೂ ಇವತ್ತಿನವರೆಗೂ ನೋಡಿಲ್ಲ. ತಮಾಷೆ ಅಂದರೆ ಆ ಕೆಲಸಕ್ಕೆ ಬಾರದ ತಂತಿ ಜೋಡಿಯೇ ಮುಂದೆ ಆರ್ಕ್‌ಗಿಂತ ದೊಡ್ಡ ಆಡಿಯೋ ಹೊರೋ ಇ-ಆರ್ಕ್‌ಗೆ ಉಪಯೋಗಕ್ಕೆ ಬಂತು. ಹಳೇ ಕೇಬಲ್ ಮೇಲೆ "ವಿತ್ ಈಥರ್ನೆಟ್" ಅಂತ ಇದ್ದರೆ ಬಿಸಾಡಬೇಡಿ.

2.0 ಬಂದದ್ದು 2013ರಲ್ಲಿ. 18 ಜಿಬಿಪಿಎಸ್, 4ಕೆ 60. ಎಚ್‌ಡಿಆರ್ ಆಮೇಲೆ ಸೇರಿತು, 2015ರ 2.0ಎ ಮತ್ತು 2016ರ 2.0ಬಿಯಲ್ಲಿ.

2.1 ಬಂದದ್ದು 2017ರ ನವೆಂಬರಿನಲ್ಲಿ. ಒಂದೇ ಸಲಕ್ಕೆ 18ರಿಂದ 48 ಜಿಬಿಪಿಎಸ್‌ಗೆ ಜಿಗಿದರು, ಸಿಗ್ನಲ್ ಕಳಿಸೋ ವಿಧಾನವನ್ನೇ ಬದಲಾಯಿಸಿದರು. 4ಕೆ 120, 8ಕೆ 60, ಇ-ಆರ್ಕ್, ಎಚ್‌ಡಿಆರ್ ಮಾಹಿತಿ ದೃಶ್ಯದಿಂದ ದೃಶ್ಯಕ್ಕೆ ಬದಲಾಗೋದು, ಇವೆಲ್ಲ ಇದರಲ್ಲಿ ಬಂದವು. ಗೇಮ್ ಆಡೋರಿಗೆ ವಿಆರ್‌ಆರ್ ಮತ್ತು ಎಎಲ್‌ಎಲ್‌ಎಂ ಸಿಕ್ಕವು. ವಿಆರ್‌ಆರ್ ಅಂದ್ರೆ ಗೇಮ್ ಎಷ್ಟು ಫ್ರೇಮ್ ಕೊಡುತ್ತೋ ಟಿವಿನೂ ಅಷ್ಟಕ್ಕೇ ಹೆಜ್ಜೆ ಹಾಕೋದು, ಚಿತ್ರ ನಡುವೆ ಹರಿದ ಹಾಗೆ ಕಾಣಲ್ಲ. ಎಎಲ್‌ಎಲ್‌ಎಂ ಅಂದ್ರೆ ಗೇಮ್ ಶುರುವಾದ ಕೂಡಲೇ ಟಿವಿ ತಾನೇ ಗೇಮ್ ಮೋಡ್‌ಗೆ ಹೋಗೋದು, ರಿಮೋಟ್ ಹುಡುಕೋ ಕೆಲಸ ಇಲ್ಲ.

2025ರಲ್ಲಿ 2.2 ಕೂಡ ಬಂದಿದೆ, 96 ಜಿಬಿಪಿಎಸ್. ಟಿವಿ ತಗೋಳೋಕೆ ಅದಕ್ಕಾಗಿ ಕಾಯಬೇಡಿ, ಅಷ್ಟು ವೇಗ ಬೇಕಾಗೋ ವಿಷಯ ಸದ್ಯಕ್ಕೆ ನಮ್ಮ ನಿಮ್ಮ ಮನೆಯಲ್ಲಿಲ್ಲ.

2.1 ಅಂತ ಬರೆದಿದ್ದರೂ 2.1 ಅಲ್ಲದೇ ಇರಬಹುದು

ನನಗೆ ಅತೀ ಸಿಟ್ಟು ಬರೋದು ಇಲ್ಲೇ. 2.1 ಬಂದ ಮೇಲೆ 2.0 ಅನ್ನೋದೇ ಅಧಿಕೃತವಾಗಿ ಇಲ್ಲ, 2.1ರ ಒಳಗೆ ಅದು ಸೇರಿಹೋಯಿತು. ಮೇಲೆ ಹೇಳಿದ ಹೊಸ ಸೌಲಭ್ಯಗಳು ಯಾವುವೂ ಕಡ್ಡಾಯ ಅಲ್ಲ. ಹಾಗಾಗಿ 48 ಜಿಬಿಪಿಎಸ್ ಇಲ್ಲದ, 120 ಹರ್ಟ್ಜ್ ಇಲ್ಲದ, ಬರೀ 18 ಜಿಬಿಪಿಎಸ್ ಪೋರ್ಟಿಗೂ ಕಂಪನಿಯವರು "2.1" ಅಂತ ಬರೆಯಬಹುದು. ಅದು ನಿಯಮದ ಪ್ರಕಾರ ಸರಿ! ಯಾವ ಸೌಲಭ್ಯ ಇದೆ ಅಂತ ಪಕ್ಕದಲ್ಲಿ ಹೇಳಬೇಕು ಅನ್ನೋ ನಿಯಮವೂ ಇದೆ, ಆದರೆ ಅದು ಎಲ್ಲೋ ಸಣ್ಣ ಅಕ್ಷರದಲ್ಲಿರುತ್ತದೆ.

ಅದಕ್ಕೇ ಅಂಗಡಿಯಲ್ಲಿ "2.1 ಇದೆಯಾ?" ಅಂತ ಕೇಳಬೇಡಿ. ಕೇಳಿದರೆ "ಇದೆ ಸರ್" ಅಂತಾರೆ, ಸುಳ್ಳೂ ಅಲ್ಲ. ಹೀಗೆ ಕೇಳಿ: ಪ್ಯಾನೆಲ್ 120 ಹರ್ಟ್ಜಾ? ಎಷ್ಟು ಪೋರ್ಟಿನಲ್ಲಿ 4ಕೆ 120 ತಗೊಳ್ಳುತ್ತೆ, ಎಷ್ಟನೇ ಪೋರ್ಟಿನಲ್ಲಿ? ವಿಆರ್‌ಆರ್ ಇದೆಯಾ? ಇ-ಆರ್ಕ್ ಯಾವ ಪೋರ್ಟಿನಲ್ಲಿದೆ? ಉತ್ತರ ಬರದಿದ್ದರೆ ಟಿವಿ ಹಿಂದೆ ಬಗ್ಗಿ ನೋಡಿ, ಎಷ್ಟೋ ಕಂಪನಿಗಳು ಪೋರ್ಟಿನ ಪಕ್ಕದಲ್ಲೇ "4ಕೆ 120 ಹರ್ಟ್ಜ್", "ಇ-ಆರ್ಕ್" ಅಂತ ಅಚ್ಚು ಹಾಕಿರುತ್ತವೆ.

ಎಷ್ಟನೇ ಪೋರ್ಟ್ ಅಂತ ಯಾಕೆ ಕೇಳಬೇಕು? ಬಹಳಷ್ಟು ಟಿವಿಗಳಲ್ಲಿ ನಾಲ್ಕು ಪೋರ್ಟ್ ಇದ್ದರೆ ಎರಡು ಮಾತ್ರ ಪೂರ್ತಿ ವೇಗದ್ದು. ಸೋನಿಯ ಅನೇಕ ಮಾಡೆಲ್‌ಗಳಲ್ಲಿ 3 ಮತ್ತು 4ನೇ ಪೋರ್ಟ್ ವೇಗದ್ದು, ಅದರಲ್ಲಿ 3ನೇದೇ ಇ-ಆರ್ಕ್ ಕೂಡ. ಸೌಂಡ್‌ಬಾರ್ ಅಲ್ಲಿ ಕೂತರೆ ನಿಮಗೆ ಉಳಿಯೋದು ಒಂದೇ. ಪಿಎಸ್5 ಗೇಮ್ ಡಬ್ಬ ಒಂದೇ ಇದ್ದರೆ ಚಿಂತೆ ಇಲ್ಲ. ಜೊತೆಗೆ ಎಕ್ಸ್‌ಬಾಕ್ಸೋ ಗೇಮಿಂಗ್ ಪಿಸಿಯೋ ಇದ್ದರೆ ದಿನಾ ಕೇಬಲ್ ಕಿತ್ತು ಹಾಕಬೇಕು. ಎಲ್‌ಜಿಯ ಸಿ ಸರಣಿ ಓಎಲ್‌ಇಡಿ ಟಿವಿಗಳಲ್ಲಿ ನಾಲ್ಕೂ ವೇಗದ ಪೋರ್ಟೇ, ಅಲ್ಲಿ ಈ ತಲೆನೋವಿಲ್ಲ.

ಕೇಬಲ್ ವಿಷಯ

ಕೇಬಲ್‌ಗೆ ವರ್ಷನ್ ನಂಬರ್ ಅನ್ನೋದೇ ಇಲ್ಲ. ಇರೋದು ಹೆಸರು. ಹೈ ಸ್ಪೀಡ್ ಅಂದರೆ 10.2, ಪ್ರೀಮಿಯಂ ಹೈ ಸ್ಪೀಡ್ ಅಂದರೆ 18, ಅಲ್ಟ್ರಾ ಹೈ ಸ್ಪೀಡ್ ಅಂದರೆ 48 ಜಿಬಿಪಿಎಸ್. 2.2 ಜೊತೆ ಅಲ್ಟ್ರಾ96 ಅಂತ ಇನ್ನೊಂದು ಸೇರಿದೆ. ಅಲ್ಟ್ರಾ ಹೈ ಸ್ಪೀಡ್ ಕೇಬಲ್ ಡಬ್ಬದ ಮೇಲೆ ಸರ್ಟಿಫಿಕೇಶನ್ ಲೇಬಲ್ಲು, ಅದರಲ್ಲಿ ಕ್ಯೂಆರ್ ಕೋಡು ಇರುತ್ತದೆ. ಎಚ್‌ಡಿಎಂಐ ಸಂಸ್ಥೆಯ ಆ್ಯಪ್ ಹಾಕಿಕೊಂಡು ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಡಬ್ಬದ ಮೇಲೆ "2.1 ವರ್ಷನ್ 8ಕೆ ಗೋಲ್ಡ್" ಅಂತ ದಪ್ಪಕ್ಷರ ಇದ್ದು ಈ ಲೇಬಲ್ ಇಲ್ಲ ಅಂದರೆ ಕೈಯಿಂದ ಕೆಳಗಿಡಿ. ನಾನು ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಅಂಥದ್ದೇ ಒಂದನ್ನ 180 ರೂಪಾಯಿಗೆ ತಂದೆ. 4ಕೆ 120 ಹಾಕಿದರೆ ಎರಡು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗಿ ಮತ್ತೆ ಬರುತ್ತಿತ್ತು. ಈಗ ಅದು ಅಪ್ಪನ ಸೆಟ್ ಟಾಪ್ ಬಾಕ್ಸ್‌ಗೆ ಹಾಕಿದೆ, ಅಲ್ಲಿ ಏನೂ ತೊಂದರೆ ಇಲ್ಲದೆ ಓಡುತ್ತಿದೆ.

ಕೇಬಲ್ ಕೈಕೊಡೋ ರೀತಿನೇ ಹಾಗೆ. ಡಿಜಿಟಲ್ ಆದ್ದರಿಂದ ಬಣ್ಣ ಮಂಕಾಗೋದು, ಚಿತ್ರ ಮಸುಕಾಗೋದು ಇರಲ್ಲ. ಮಿಣಮಿಣ ಅಂತ ಬಿಳಿ ಚುಕ್ಕೆ ಮಿಂಚುತ್ತದೆ, ಎರಡು ಸೆಕೆಂಡು ಕಪ್ಪಾಗುತ್ತದೆ, ಆಡಿಯೋ ಕಡಿದು ಕಡಿದು ಬರುತ್ತದೆ, ಇಲ್ಲ ಅಂದ್ರೆ ಪೂರ್ತಿ "ನೋ ಸಿಗ್ನಲ್". ಹಾಗಾಗಿ ಐದು ಸಾವಿರದ ಕೇಬಲ್ ಹಾಕಿದರೆ ಬಣ್ಣ ಚೆನ್ನಾಗಿ ಬರುತ್ತೆ ಅಂತ ಯಾರಾದ್ರೂ ಹೇಳಿದರೆ ನಕ್ಕು ಮುಂದೆ ಹೋಗಿ. ಬಂದರೆ ಪೂರ್ತಿ ಬರುತ್ತದೆ, ಇಲ್ಲದಿದ್ದರೆ ಎಡವುತ್ತದೆ, ಅಷ್ಟೇ.

ಉದ್ದ ಮಾತ್ರ ನಿಜಕ್ಕೂ ಮುಖ್ಯ. ಇದನ್ನ ದುಡ್ಡು ಕೊಟ್ಟು ಕಲಿತಿದ್ದೀನಿ. ಮನೆ ಇಂಟೀರಿಯರ್ ಮಾಡಿಸುವಾಗ ಎಲೆಕ್ಟ್ರಿಷಿಯನ್ 10 ಮೀಟರ್ ಎಚ್‌ಡಿಎಂಐ ಕೇಬಲನ್ನ ಪೈಪ್ ಕೂಡ ಹಾಕದೆ ನೇರ ಗೋಡೆಯೊಳಗೆ ಸೇರಿಸಿ ಮೇಲೆ ಪುಟ್ಟಿ ಮೆತ್ತಿ ಹೋದ. ಆಗ ಇದ್ದದ್ದು 1080ಪಿ ಪ್ರೊಜೆಕ್ಟರ್, ಚೆನ್ನಾಗೇ ನಡೀತು. ಮೂರು ವರ್ಷ ಆದ ಮೇಲೆ 4ಕೆ ಪ್ರೊಜೆಕ್ಟರ್ ತಂದೆ, ಚಿತ್ರ ನಿಲ್ಲಲೇ ಇಲ್ಲ. ಕೇಬಲ್ ಎಳೆದು ತೆಗೆಯೋಣ ಅಂದರೆ ಅದು ಗೋಡೆಯ ಭಾಗವೇ ಆಗಿಹೋಗಿತ್ತು. ಕೊನೆಗೆ ಗೋಡೆ ಮೇಲೆ ಬಿಳಿ ಪಟ್ಟಿ ಹೊಡೆದು ಹೊಸ ಕೇಬಲ್ ಎಳೆದೆ, ಅದು ಈಗಲೂ ನೋಡಿದಾಗೆಲ್ಲ ನನ್ನನ್ನ ಅಣಕಿಸುತ್ತದೆ.

ತಾಮ್ರದ ಕೇಬಲ್‌ನಲ್ಲಿ 48 ಜಿಬಿಪಿಎಸ್ ಬೇಕು ಅಂದರೆ 3 ಮೀಟರ್ ಒಳಗಿರಲಿ. ಅದಕ್ಕಿಂತ ದೂರ ಇದ್ದರೆ ಆ್ಯಕ್ಟಿವ್ ಆಪ್ಟಿಕಲ್ ಕೇಬಲ್ ತಗೊಳ್ಳಿ, ಒಳಗೆ ಗಾಜಿನ ಎಳೆ ಇರುತ್ತದೆ, ಹತ್ತಿಪ್ಪತ್ತು ಮೀಟರ್ ಆದರೂ ತೊಂದರೆ ಇಲ್ಲ. ಆದರೆ ಅದಕ್ಕೆ ದಿಕ್ಕಿದೆ. ಒಂದು ತುದಿ ಮೇಲೆ "ಸೋರ್ಸ್", ಇನ್ನೊಂದರ ಮೇಲೆ "ಡಿಸ್‌ಪ್ಲೇ" ಅಂತ ಇರುತ್ತದೆ. ತಿರುಗಾಮುರುಗ ಹಾಕಿದರೆ ಏನೂ ಬರಲ್ಲ. ಗೋಡೆಯೊಳಗೆ ಎಳೆಯೋ ಮುಂಚೆ ನೆಲದ ಮೇಲೆ ಹಾಸಿ ಎರಡೂ ಕಡೆ ಜೋಡಿಸಿ ಒಂದು ಸಲ ಓಡಿಸಿ ನೋಡಿ. ಮತ್ತೆ ದಯವಿಟ್ಟು, ತುದಿಯ ಪ್ಲಗ್ ಸಮೇತ ನುಗ್ಗುವಷ್ಟು ಅಗಲದ ಪೈಪ್ ಹಾಕಿಸಿ.

ಇನ್ನೊಂದು ವಿಷಯ ಎಷ್ಟೋ ಜನ ಯೋಚನೆನೇ ಮಾಡಲ್ಲ. ಟಿವಿಯೊಳಗಿನ ಯೂಟ್ಯೂಬ್, ನೆಟ್‌ಫ್ಲಿಕ್ಸ್ ಆ್ಯಪಿನಲ್ಲೇ ಎಲ್ಲ ನೋಡೋರಾದರೆ ಆ ಚಿತ್ರ ಎಚ್‌ಡಿಎಂಐ ಕೇಬಲ್ ಮೂಲಕ ಬರೋದೇ ಇಲ್ಲ. ವೈಫೈಯಿಂದ ನೇರ ಟಿವಿಗೆ. ಅಂಥವರು ಕೇಬಲ್ ಬದಲಾಯಿಸಿ ಏನು ಪ್ರಯೋಜನ? ಎಚ್‌ಡಿ ಸೆಟ್ ಟಾಪ್ ಬಾಕ್ಸ್ ಕಳಿಸೋದು ಹೆಚ್ಚಂದರೆ 1080, ಅದಕ್ಕೆ ಡಬ್ಬದಲ್ಲಿ ಬಂದ ಕೇಬಲ್ಲೇ ಧಾರಾಳ.

ಸೌಂಡ್‌ಬಾರ್ ಇದ್ದವರಿಗೆ

ಆರ್ಕ್ ಪೋರ್ಟ್ ಸಾಮಾನ್ಯವಾಗಿ ಟಿವಿಯಲ್ಲಿ ಒಂದೇ ಇರುತ್ತದೆ. ಸೌಂಡ್‌ಬಾರ್ ಕೇಬಲ್ ಬೇರೆ ಪೋರ್ಟಿಗೆ ಹಾಕಿ "ಸೌಂಡೇ ಬರ್ತಿಲ್ಲ" ಅಂತ ಫೋನ್ ಮಾಡಿದವರು ನಮ್ಮ ಮನೆಯಲ್ಲೇ ಮೂರು ಜನ. ಆರ್ಕ್ ಅಂತ ಬರೆದಿರೋ ಪೋರ್ಟಿಗೇ ಹಾಕಿ, ಸೌಂಡ್‌ಬಾರ್ ಕಡೆಯೂ ಆರ್ಕ್ ಅಂತ ಇರೋ ಪೋರ್ಟಿಗೇ. ಆಮೇಲೆ ಟಿವಿ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ ಆನ್ ಮಾಡಿ. ಅದಕ್ಕೆ ಒಬ್ಬೊಬ್ಬರು ಒಂದೊಂದು ಹೆಸರು ಇಟ್ಟಿದ್ದಾರೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಎಲ್ಲ ಒಂದೇ. ಇದು ಆನ್ ಇದ್ದರೆ ಟಿವಿ ರಿಮೋಟಿನಿಂದಲೇ ಸೌಂಡ್‌ಬಾರ್ ವಾಲ್ಯೂಮ್ ಕೂಡ ಕಂಟ್ರೋಲ್ ಆಗುತ್ತದೆ.

ಇಷ್ಟಾದರೂ 5.1 ಸ್ಪೀಕರ್‌ನಲ್ಲಿ ಬರೀ ಮುಂದಿನ ಎರಡೇ ಮಾತಾಡುತ್ತಿದ್ದರೆ ಡಿಜಿಟಲ್ ಆಡಿಯೋ ಔಟ್‌ಪುಟ್ ಅನ್ನೋ ಜಾಗ ನೋಡಿ. ಪಿಸಿಎಂ (ಕುಗ್ಗಿಸದ ಆಡಿಯೋ) ಅಂತ ಇರುತ್ತದೆ. ಹಳೇ ಆರ್ಕ್‌ನಲ್ಲಿ ಪಿಸಿಎಂ ಅಂದರೆ ಎರಡು ಚಾನೆಲ್ ಮಾತ್ರ. ಆಟೋ ಅಥವಾ ಪಾಸ್‌ಥ್ರೂ ಮಾಡಿ.

ಇ-ಆರ್ಕ್ ಬೇಕೇ ಬೇಕಾ? ಓಟಿಟಿಯ ಡಾಲ್ಬಿ ಆಟ್ಮೋಸ್ ಬರೋದು ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿ. ಅದನ್ನ ಮಾಮೂಲಿ ಆರ್ಕ್ ಕೂಡ ಹೊರುತ್ತದೆ, ಟಿವಿ ಅದಕ್ಕೆ ಅವಕಾಶ ಕೊಟ್ಟಿರಬೇಕು ಅಷ್ಟೇ. ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ, ಗೇಮಿನ 7.1 ಚಾನೆಲ್ ಪಿಸಿಎಂ ಇವಕ್ಕೆ ಮಾತ್ರ ಇ-ಆರ್ಕ್ ಬೇಕು, ಅದು ಸುಮಾರು 37 ಎಂಬಿಪಿಎಸ್ ತನಕ ಒಯ್ಯುತ್ತದೆ. ತುಟಿ ಅಲ್ಲಾಡಿದ ಮೇಲೆ ಮಾತು ಕೇಳಿಸೋ ತೊಂದರೆಯನ್ನ ಸರಿಪಡಿಸೋ ವ್ಯವಸ್ಥೆ ಇ-ಆರ್ಕ್‌ನಲ್ಲಿ ಕಡ್ಡಾಯ. ನನಗೆ ಕೇಳಿದರೆ ಇದೊಂದೇ ಕಾರಣಕ್ಕೆ ಇ-ಆರ್ಕ್ ಇದ್ದರೆ ಒಳ್ಳೇದು.

ಜೋಡಿಸಿದ ಮೇಲೆ ನೋಡಬೇಕಾದ್ದು

ಹೊಸ ಟಿವಿಯಲ್ಲಿ ಪೋರ್ಟಿನ ಪೂರ್ತಿ ವೇಗವನ್ನ ಕಂಪನಿಯವರೇ ಆಫ್ ಮಾಡಿ ಕಳಿಸಿರಬಹುದು, ಹಳೇ ಡಬ್ಬಗಳು ಗಲಿಬಿಲಿ ಆಗದಿರಲಿ ಅಂತ. ನಾವೇ ಆನ್ ಮಾಡಬೇಕು. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಎಚ್‌ಡಿಎಂಐ ಡೀಪ್ ಕಲರ್, ಸೋನಿಯಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್ ಒಳಗೆ ಎನ್‌ಹ್ಯಾನ್ಸ್ಡ್. ಪ್ರತಿ ಪೋರ್ಟಿಗೂ ಬೇರೆ ಬೇರೆ ಸ್ವಿಚ್ಚು. "4ಕೆ ಬಂತು, ಎಚ್‌ಡಿಆರ್ ಬರಲಿಲ್ಲ" ಅನ್ನೋರಿಗೆ ನಾನು ಮೊದಲು ಹೇಳೋದು ಇದನ್ನೇ, ಹೆಚ್ಚಿನವರಿಗೆ ಅಲ್ಲಿಗೇ ಮುಗಿಯುತ್ತದೆ.

ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್, ಅದರೊಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋದರೆ ಎಷ್ಟು ಹರ್ಟ್ಜ್ ಹೋಗುತ್ತಿದೆ ಅಂತ ಕಾಣುತ್ತದೆ. ಪಿಎಸ್5ನಲ್ಲಿ ಸ್ಕ್ರೀನ್ ಆ್ಯಂಡ್ ವಿಡಿಯೋ ಒಳಗಿದೆ. ಅಂದಹಾಗೆ ಪಿಎಸ್5 ಕಳಿಸೋದೇ 32 ಜಿಬಿಪಿಎಸ್ ತನಕ, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 40. ಹಾಗಾಗಿ ಟಿವಿ ಪೋರ್ಟು 40 ಇದೆ 48 ಇಲ್ಲ ಅಂತ ಹೊಟ್ಟೆ ಉರಿದುಕೊಳ್ಳಬೇಡಿ.

ಲ್ಯಾಪ್‌ಟಾಪಿನ ಟೈಪ್-ಸಿಗೆ ಹಾಕೋ ಅಡಾಪ್ಟರ್ ಮೇಲೂ ಒಂದು ಕಣ್ಣಿರಲಿ. ಅಗ್ಗದವು ಬಹಳಷ್ಟು 4ಕೆ 30ಕ್ಕೇ ನಿಲ್ಲುತ್ತವೆ, ಡಬ್ಬದ ಮೇಲೆ ಮಾತ್ರ "4ಕೆ" ಅಂತ ದೊಡ್ಡದಾಗಿರುತ್ತದೆ. 60 ಹರ್ಟ್ಜ್ ಅಂತ ಬರೆದಿದ್ದರೆ ಮಾತ್ರ ತಗೊಳ್ಳಿ. ಹಾಗೇ ಮಧ್ಯದಲ್ಲಿ ಹಳೇ ಆಂಪ್ಲಿಫೈಯರ್ ಅಥವಾ ಸ್ಪ್ಲಿಟರ್ ಇದ್ದರೆ ಅದರ ಶಕ್ತಿ ಎಷ್ಟೋ ಅಷ್ಟೇ ಟಿವಿಗೆ ಬರೋದು. ಕಾಪಿ ತಡೆಯೋ ಎಚ್‌ಡಿಸಿಪಿ 2.2 ಅದರಲ್ಲಿ ಇಲ್ಲದಿದ್ದರೆ ಫೈರ್ ಸ್ಟಿಕ್ ಥರದ ಕಡ್ಡಿಯಿಂದ ಬರೋ ಓಟಿಟಿ 4ಕೆ ಅನ್ನ 1080ಕ್ಕೆ ಇಳಿಸಿಬಿಡುತ್ತದೆ. ಅಂಥ ಕಡೆ ಕಡ್ಡಿಯನ್ನ ನೇರ ಟಿವಿಗೆ ಹಾಕಿ, ಆಡಿಯೋ ಮಾತ್ರ ಆರ್ಕ್‌ನಿಂದ ಆಂಪ್ಲಿಫೈಯರ್‌ಗೆ ಬರಲಿ.

ಟಿವಿಯನ್ನು ಮಾನಿಟರ್ ಮಾಡಿಕೊಂಡವರು ಆ ಇನ್‌ಪುಟ್‌ನ ಹೆಸರನ್ನ ಪಿಸಿ ಅಂತ ಬದಲಾಯಿಸಿ ನೋಡಿ. ಸುಮ್ನೆ ಹೆಸರು ಅಂತ ಅನ್ನಿಸಬಹುದು, ಆದರೆ ಎಲ್‌ಜಿ, ಸ್ಯಾಮ್‌ಸಂಗ್ ಟಿವಿಗಳಲ್ಲಿ ಹಾಗೆ ಮಾಡಿದರೇನೇ ಪೂರ್ತಿ ಬಣ್ಣದ 4:4:4 ಸಿಗೋದು. ಆ ಕೆಂಪು ಅಕ್ಷರ ಆಗ ಚೂಪಾಗಿ ಕಾಣುತ್ತದೆ.

ಕೊನೆಗೆ ಒಂದು ಕೆಲಸ. ಟಿವಿ ಗೋಡೆಗೆ ಏರಿಸೋ ಹುಡುಗರು ಬಂದಾಗ, ಅವರು ಸ್ಕ್ರೂ ಬಿಗಿಯೋ ಮುಂಚೆ, ಟಿವಿ ಹಿಂಭಾಗದ ಫೋಟೋ ತೆಗೆದು ಇಟ್ಟುಕೊಳ್ಳಿ, ಪೋರ್ಟಿನ ಪಕ್ಕದ ಅಕ್ಷರ ಓದೋಕೆ ಆಗೋ ಹಾಗೆ. ವೇಗದ ಪೋರ್ಟಿಗೂ ಆರ್ಕ್ ಪೋರ್ಟಿಗೂ ಆಗಲೇ ಒಂದೊಂದು ಕೇಬಲ್ ಸಿಕ್ಕಿಸಿ ಕೆಳಗೆ ಇಳಿಬಿಡಿಸಿ. ಆಮೇಲೆ ಟಿವಿಗೂ ಗೋಡೆಗೂ ನಡುವೆ ಎರಡು ಬೆರಳಿನ ಜಾಗ ಇರುತ್ತದೆ, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ತಡಕಾಡಿ ನೋಡಿದವರಿಗೇ ಆ ಕಷ್ಟ ಗೊತ್ತು.